ಆಟದ ರೈಲಿನ ಗೇಟು ಕಾವಲುಗಾರ
ಹಳೆಯ ತಗಡಿನ ಆಟಿಕೆಗಳ ದುರಸ್ತಿಯೂ ಬಣ್ಣವೂ

ಆಟದ ರೈಲು ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಎಂಜಿನ್ನು ಮತ್ತು ಅದರ ಹಿಂದೆ ಸಾಲಾಗಿ ಸಾಗುವ ಡಬ್ಬಿಗಳು. ಆದರೆ ಬರಿಯ ಗಾಡಿಯಿಂದ ರೈಲುಮಾರ್ಗವಾಗುವುದಿಲ್ಲ. ನಿಲ್ದಾಣ ಬೇಕು, ಕೈಮರ ಬೇಕು, ಸೇತುವೆ, ಸುರಂಗ, ನೀರಿನ ತೊಟ್ಟಿ, ದೀಪದ ಕಂಬ, ರಸ್ತೆ ಅಡ್ಡ ಬರುವಲ್ಲಿ ಗೇಟು, ಎಲ್ಲವೂ ಬೇಕು. ಆಟಿಕೆಯ ತಯಾರಕರು ಇವನ್ನೆಲ್ಲ ತಗಡಿನಿಂದಲೂ ಎರಕದಿಂದಲೂ ಮಾಡಿ, ಬಣ್ಣ ಬಳಿದು, ಕೆಲವಕ್ಕೆ ವಿದ್ಯುತ್ತಿನ ಚಲನೆಯನ್ನೂ ಕೊಟ್ಟರು. ಇಂಥ ಪರಿಕರಗಳು ಇಂದು ಎಪ್ಪತ್ತು ಎಂಬತ್ತು ವರ್ಷ ಹಳೆಯವಾಗಿ, ತುಕ್ಕು ಹಿಡಿದು, ಬಣ್ಣ ಉದುರಿ, ಸಂಗ್ರಾಹಕರ ಕೈ ಸೇರುತ್ತಿವೆ. ಅವನ್ನು ಸರಿಪಡಿಸುವ ಕೆಲಸವು ಮೇಲುನೋಟಕ್ಕೆ ಬಿಡುವಿನ ವೇಳೆಯ ಹವ್ಯಾಸದಂತೆ ಕಂಡರೂ, ಶಾಲೆಯಲ್ಲಿ ನಾವು ಓದಿದ ರಸಾಯನಶಾಸ್ತ್ರ ಭೌತಶಾಸ್ತ್ರಗಳೆರಡೂ ಅಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಆ ಶಾಸ್ತ್ರವನ್ನು ಮರೆತರೆ ಆಟಿಕೆಯೂ ಹಾಳು, ಕೆಲವೊಮ್ಮೆ ಆರೋಗ್ಯವೂ ಹಾಳು. ಅದು ಹೇಗೆಂಬುದನ್ನು ಈಗ ನೋಡೋಣ.

ಸ್ವಲ್ಪ ಇತಿಹಾಸ

ಜರ್ಮನಿಯ ಗೋಪಿಂಗೆನ್ ಊರಿನಲ್ಲಿ 1859ರಲ್ಲಿ ಆರಂಭವಾದ ಮರ್ಕ್ಲಿನ್ ಸಂಸ್ಥೆಯು 1891ರ ಲೈಪ್‌ಜಿಗ್ ಸಂತೆಯಲ್ಲಿ ಹಳಿಗಳ ಅಗಲವನ್ನು ಗೊತ್ತುಪಡಿಸಿದ ಆಟದ ರೈಲುಗಳನ್ನು ಪ್ರದರ್ಶಿಸಿತು. ಹಳಿಯ ಅಳತೆ ನಿಶ್ಚಿತವಾದ ಮೇಲೆ ಇಂದು ಗಾಡಿ, ನಾಳೆ ನಿಲ್ದಾಣ, ಮರುವರ್ಷ ಕೈಮರ ಎಂದು ಒಂದೊಂದಾಗಿ ಕೊಂಡು ಕೂಡಿಸುವುದು ಸಾಧ್ಯವಾಯಿತು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜೋಶುವಾ ಲಯನೆಲ್ ಕೊವೆನ್ ಎಂಬಾತನು 1900ರಲ್ಲಿ ಲಯನೆಲ್ ಸಂಸ್ಥೆಯನ್ನು ಆರಂಭಿಸಿದನು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಮೆಕ್ಯಾನೊ ಆಟಿಕೆಯ ಜನಕನಾದ ಫ್ರಾಂಕ್ ಹಾರ್ನ್‌ಬಿಯ ರೈಲುಗಳು 1920ರಲ್ಲಿ ಮಾರುಕಟ್ಟೆಗೆ ಬಂದವು.

ಲಯನೆಲ್ ಸಂಸ್ಥೆಯು 1935ರಲ್ಲಿ ಹೊರತಂದ 45ನೆಯ ಸಂಖ್ಯೆಯ ಗೇಟು ಕಾವಲುಗಾರನನ್ನು ನಾವು ಉದಾಹರಣೆಗೆ ತೆಗೆದುಕೊಳ್ಳೋಣ. ಹಳಿಯ ಪಕ್ಕದಲ್ಲಿ ಒಂದು ಪುಟ್ಟ ಗುಡಿಸಲು. ಗಾಡಿ ಸಮೀಪಿಸಿದೊಡನೆ ಅದರ ಬಾಗಿಲು ತೆರೆದು, ಕೈಯಲ್ಲಿ ಲಾಟೀನು ಹಿಡಿದ ಕಾವಲುಗಾರನು ಹೊರಗೆ ಬರುತ್ತಾನೆ. ಗಾಡಿ ದಾಟಿದ ಮೇಲೆ ಒಳಗೆ ಹೋಗುತ್ತಾನೆ. ಎರಡನೆಯ ಮಹಾಯುದ್ಧದ ಕಾರಣ 1942ರಲ್ಲಿ ಅಮೆರಿಕದಲ್ಲಿ ಆಟದ ರೈಲುಗಳ ತಯಾರಿಕೆ ನಿಂತಿತು. ಯುದ್ಧಾನಂತರ 1950ರಲ್ಲಿ ಇದೇ ಕಾವಲುಗಾರನು 145ನೆಯ ಸಂಖ್ಯೆಯಾಗಿ ಹೊಸ ರೂಪದಲ್ಲಿ ಬಂದನು.

ಅವನನ್ನು ಹೊರಗೆ ತರುವ ಶಕ್ತಿ ಯಾವುದು? ಹಳಿಯ ಕೆಳಗೆ ಒಂದು ಒತ್ತುಗುಂಡಿಯಂಥ ಸಾಧನವಿರುತ್ತದೆ. ಗಾಡಿಯ ಭಾರ ಬಿದ್ದಾಗ ಅದು ಒತ್ತಿಕೊಂಡು ವಿದ್ಯುನ್ಮಂಡಲವು ಪೂರ್ಣವಾಗುತ್ತದೆ. ಗುಡಿಸಲಿನ ಅಡಿಯಲ್ಲಿರುವ ತಾಮ್ರದ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದು, ಸುರುಳಿಯು ಅಯಸ್ಕಾಂತವಾಗಿ, ಕಬ್ಬಿಣದ ಕಡ್ಡಿಯೊಂದನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಆ ಕಡ್ಡಿಗೆ ಸೇರಿದ ಸನ್ನೆಯು ಕಾವಲುಗಾರನನ್ನು ಹೊರಗೆ ತಳ್ಳುತ್ತದೆ. ಇಲ್ಲಿ ಬಳಸುವುದು ಪರ್ಯಾಯ ವಿದ್ಯುತ್ತು. ಪ್ರವಾಹದ ದಿಕ್ಕು ಬದಲಾದರೂ ಕಬ್ಬಿಣದ ಮೇಲಿನ ಸೆಳೆತವು ಸೆಳೆತವಾಗಿಯೇ ಉಳಿಯುವುದರಿಂದ ಸಾಧನವು ಕೆಲಸ ಮಾಡುತ್ತದೆ. ಆದರೆ ಸೆಳೆತವು ಒಂದೊಂದು ಆವರ್ತನದಲ್ಲಿ ಎರಡು ಬಾರಿ ಏರಿ ಇಳಿಯುತ್ತದೆ. ಅಮೆರಿಕದಲ್ಲಿ ಸೆಕೆಂಡಿಗೆ 60 ಆವರ್ತನಗಳಿರುವುದರಿಂದ ಕಡ್ಡಿಯು ಸೆಕೆಂಡಿಗೆ 120 ಬಾರಿ ನಡುಗುವುದು. ನಮಗೆ ಕೇಳಿಸುವ ಗುಂಯ್ ಎಂಬ ಶಬ್ದಕ್ಕೆ ಇದೇ ಕಾರಣ.

ತಗಡು, ತವರ, ತುಕ್ಕು

ಹಳೆಯ ಪರಿಕರಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಲೋಹಭಾಗಗಳು ಸಿಕ್ಕುತ್ತವೆ. ಒಂದು, ಉಕ್ಕಿನ ತಗಡು. ಇನ್ನೊಂದು, ಸತುವಿನ ಮಿಶ್ರಲೋಹದ ಎರಕ. ಒಂದು ಅಯಸ್ಕಾಂತವನ್ನು ಹಿಡಿದು ನೋಡಿದರೆ ಇವೆರಡನ್ನೂ ಕೂಡಲೇ ಬೇರ್ಪಡಿಸಬಹುದು. ತಗಡು ಅಂಟಿಕೊಳ್ಳುವುದು, ಎರಕ ಅಂಟಿಕೊಳ್ಳದು. ಈ ಪರೀಕ್ಷೆಯನ್ನು ಮಾಡದೆ ಯಾವ ರಾಸಾಯನಿಕವನ್ನೂ ಮುಟ್ಟಕೂಡದು. ಒಂದಕ್ಕೆ ಮದ್ದಾದುದು ಇನ್ನೊಂದಕ್ಕೆ ವಿಷವಾದೀತು.

ಅನೇಕ ಆಟಿಕೆಗಳ ತಗಡಿಗೆ ತವರದ ತೆಳುವಾದ ಲೇಪವಿರುತ್ತದೆ. ನಮ್ಮ ಮನೆಗಳಲ್ಲಿ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದುದು ಇದೇ ತವರದಿಂದ. ಲೇಪವು ಅಖಂಡವಾಗಿರುವವರೆಗೆ ಗಾಳಿ ನೀರುಗಳು ಉಕ್ಕನ್ನು ಮುಟ್ಟಲಾರವು. ಆದರೆ ಒಂದು ಗೀರು ಬಿದ್ದರೆ ಸ್ಥಿತಿ ತಲೆಕೆಳಗಾಗುತ್ತದೆ. ಗೀರಿನಲ್ಲಿ ತೇವ ಸೇರಿದಾಗ ಕಬ್ಬಿಣ ಮತ್ತು ತವರಗಳು ಕೂಡಿ ಒಂದು ಚಿಕ್ಕ ವಿದ್ಯುತ್ಕೋಶವಾಗುತ್ತವೆ. ಕಬ್ಬಿಣವು ತವರಕ್ಕಿಂತ ಸುಲಭವಾಗಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಲೋಹ. ಆದುದರಿಂದ ಕಬ್ಬಿಣವೇ ಕರಗುತ್ತ ಹೋಗುತ್ತದೆ, ತವರವು ಹಾಗೆಯೇ ಉಳಿಯುತ್ತದೆ. ಅಂದರೆ ಕಾಯಬೇಕಾದ ಲೇಪವೇ ಗೀರು ಬಿದ್ದ ಮೇಲೆ ತುಕ್ಕನ್ನು ಚುರುಕುಗೊಳಿಸುತ್ತದೆ. ಮನೆಯ ಮಾಡಿಗೆ ಹೊದಿಸುವ ಸತುವಿನ ಲೇಪದ ತಗಡಿನಲ್ಲಿ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಸತುವು ಕಬ್ಬಿಣಕ್ಕಿಂತಲೂ ಬೇಗ ಕರಗುವುದರಿಂದ ತಾನು ನಾಶವಾಗಿ ಕಬ್ಬಿಣವನ್ನು ಉಳಿಸುತ್ತದೆ.

ಇದರಿಂದ ನಾವು ಕಲಿಯುವ ಪಾಠವೇನೆಂದರೆ, ತವರದ ತಗಡಿನ ಆಟಿಕೆಯನ್ನು ಒರಟಾದ ಮರಳುಕಾಗದದಿಂದ ಉಜ್ಜಿ ಥಳಥಳಿಸುವಂತೆ ಮಾಡಿದರೆ ಅದು ದುರಸ್ತಿಯಾಗುವುದಿಲ್ಲ. ಉಳಿದಿದ್ದ ತವರವನ್ನೂ ಕಿತ್ತುಹಾಕಿದಂತಾಗುತ್ತದೆ.

ಬಣ್ಣ ಬಳಿಯಬೇಕೆ?

ಕುಂಚವನ್ನು ಕೈಗೆತ್ತಿಕೊಳ್ಳುವ ಮೊದಲು ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕು. ಏಕೆಂದರೆ ಇದೊಂದು ಹಿಂದಕ್ಕೆ ಬರಲಾಗದ ಹಾದಿ. ಹಳೆಯ ಬಣ್ಣವು ಒಂದು ದಾಖಲೆ. ಕಾರ್ಖಾನೆಯಲ್ಲಿ ಯಾವ ಬಣ್ಣವನ್ನು ಯಾವ ಕ್ರಮದಲ್ಲಿ ಬಳಿದರು, ಎಲ್ಲಿ ಕುಂಚ ಎಲ್ಲಿ ಸಿಂಪಡಿಕೆ, ಮಕ್ಕಳ ಕೈ ಎಲ್ಲೆಲ್ಲಿ ಆಡಿತು, ಇವೆಲ್ಲವೂ ಅದರಲ್ಲಿ ಬರೆದಿವೆ. ಬಣ್ಣವನ್ನು ತೊಳೆದುಹಾಕಿದ ಮೇಲೆ ಆ ಬರಹವನ್ನು ಯಾರೂ ಮರಳಿ ಓದಲಾರರು. ಸವೆದಿದ್ದರೂ ಮೂಲ ಬಣ್ಣವುಳ್ಳ ಆಟಿಕೆಯನ್ನು ಸಂಗ್ರಾಹಕರು ಹೊಸ ಬಣ್ಣದ ಆಟಿಕೆಗಿಂತ ಹೆಚ್ಚಾಗಿ ಆದರಿಸುವುದು ಈ ಕಾರಣದಿಂದಲೇ.

ಆದರೆ ಯಾವಾಗಲೂ ಮುಟ್ಟಬಾರದೆಂದೂ ಅಲ್ಲ. ಮೈಸೂರಿನಲ್ಲಿ 1979ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯದ ಬಯಲಿನಲ್ಲಿ ನಿಂತ ನಿಜವಾದ ಎಂಜಿನ್ನಿಗೆ ಮಳೆ ಬಿಸಿಲುಗಳಿಂದ ರಕ್ಷಣೆ ಬೇಕು. ಬಣ್ಣವಿಲ್ಲದಿದ್ದರೆ ಲೋಹವೇ ಉಳಿಯದು. ಗಾಜಿನ ಬೀರುವಿನಲ್ಲಿರುವ ಆಟಿಕೆಗೆ ಅಂಥ ಅಪಾಯವಿಲ್ಲ. ಆದುದರಿಂದ ನಿಯಮವನ್ನು ಹೀಗೆ ಹೇಳಬಹುದು: ಮೂಲ ಬಣ್ಣದ ಬಹುಭಾಗ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಶುಚಿಮಾಡಿ ಬಿಡಬೇಕು. ಬಣ್ಣದಡಿಯಲ್ಲಿ ತುಕ್ಕು ಹಬ್ಬಿ, ಪದರಗಳು ಏಳುತ್ತಿದ್ದರೆ, ಇಲ್ಲವೆ ಹಿಂದೆ ಯಾರೋ ಬೇರೆ ಬಣ್ಣ ಬಳಿದು ಕೆಡಿಸಿದ್ದರೆ, ಆಗ ಹೊಸ ಬಣ್ಣಕ್ಕೆ ಅವಕಾಶವುಂಟು. ಚಿತ್ರವನ್ನು ತಗಡಿನ ಮೇಲೆಯೇ ಅಚ್ಚುಹಾಕಿದ ಆಟಿಕೆಗಳನ್ನಂತೂ ಎಂದಿಗೂ ಬರಿದುಮಾಡಬಾರದು. ರಾಬರ್ಟ್ ಬಾರ್ಕ್ಲೆ ಎಂಬಾತನು 1875ರಲ್ಲಿ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದ ಆಫ್‌ಸೆಟ್ ವಿಧಾನದಿಂದ ಅಂಥ ತಗಡಿನ ಮುದ್ರಣವು ಸುಲಭವಾಯಿತು. ಆ ಮುದ್ರಣವನ್ನು ಕುಂಚದಿಂದ ಮರಳಿ ಮೂಡಿಸುವುದು ಆಗದ ಮಾತು.

ಸೀಸದ ಅಪಾಯ

ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆಯ ವಿಷಯವಿದು. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳು ಸಾಮಾನ್ಯವಾಗಿದ್ದವು. ಹೊಳೆಯುವ ಹಳದಿಗೆ ಸೀಸದ ಕ್ರೋಮೇಟು, ಅದಕ್ಕೆ ಪ್ರಷ್ಯನ್ ನೀಲಿಯನ್ನು ಬೆರೆಸಿದರೆ ಹಸಿರು, ತುಕ್ಕು ತಡೆಯಲು ಕೆಂಪು ಸೀಸ, ಬಿಳುಪಿಗೆ ಬಿಳಿ ಸೀಸ. ಈ ಬಣ್ಣವನ್ನು ಒಣದಾಗಿ ಉಜ್ಜಿದರೆ ಏಳುವ ನುಣುಪಾದ ಧೂಳು ಉಸಿರಿನ ಮೂಲಕವೂ, ಕೈಬೆರಳಿಗಂಟಿ ಬಾಯಿಯ ಮೂಲಕವೂ ದೇಹವನ್ನು ಸೇರುತ್ತದೆ. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಇಷ್ಟು ಪ್ರಮಾಣದವರೆಗೆ ಹಾನಿಯಿಲ್ಲ ಎಂದು ಹೇಳಬಹುದಾದ ಮಿತಿಯೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದೆ. ಅಮೆರಿಕವು 1978ರಲ್ಲಿ ಮನೆಬಳಕೆಯ ಬಣ್ಣಗಳಲ್ಲೂ ಆಟಿಕೆಗಳ ಬಣ್ಣದಲ್ಲೂ ಸೀಸವನ್ನು ನಿಷೇಧಿಸಿತು. ಭಾರತದಲ್ಲಿ 2016ರಲ್ಲಿ ಹೊರಟ ನಿಯಮಗಳು ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂದು ವಿಧಿಸಿದವು.

ಆದುದರಿಂದ ಹಳೆಯ ಬಣ್ಣವನ್ನು ಒಣದಾಗಿ ಉಜ್ಜಕೂಡದು, ಬೆಂಕಿಯಿಂದ ಸುಡಲೂ ಕೂಡದು. ನೀರಿನಲ್ಲಿ ನೆನೆಸಿದ ಕಾಗದದಿಂದ ಒದ್ದೆಯಾಗಿಯೇ ಉಜ್ಜಬೇಕು. ಕೈಗವಸು ಮತ್ತು ಸೂಕ್ಷ್ಮ ಧೂಳನ್ನು ತಡೆಯುವ ಮುಖಗವಸು ಇರಲೇಬೇಕು. ಅಡಿಗೆಮನೆಯಲ್ಲಿ, ಮಕ್ಕಳಾಡುವ ಜಾಗದಲ್ಲಿ ಈ ಕೆಲಸ ಸಲ್ಲದು. ಎದ್ದ ಬಣ್ಣದ ಚೂರುಗಳನ್ನು ಒದ್ದೆಬಟ್ಟೆಯಿಂದ ಒರೆಸಿ ತೆಗೆದು, ಮುಚ್ಚಿದ ಡಬ್ಬಿಯಲ್ಲಿಟ್ಟು, ಅಪಾಯಕಾರಿ ಕಸವೆಂದು ಬೇರೆಯಾಗಿ ಒಪ್ಪಿಸಬೇಕು.

ಬಿಚ್ಚುವುದು, ತೊಳೆಯುವುದು

ಮೊದಲು ಎಲ್ಲ ಕಡೆಯಿಂದಲೂ ಛಾಯಾಚಿತ್ರಗಳನ್ನು ತೆಗೆದುಕೊಳ್ಳಬೇಕು. ತಂತಿ ಯಾವುದು ಎಲ್ಲಿಗೆ ಸೇರಿದೆಯೆಂಬುದನ್ನು ಬರೆದಿಡಬೇಕು. ತಗಡಿನ ಭಾಗಗಳು ಸಾಮಾನ್ಯವಾಗಿ ಚಿಕ್ಕ ನಾಲಿಗೆಗಳಿಂದ ಜೋಡಣೆಯಾಗಿರುತ್ತವೆ. ನಾಲಿಗೆಯನ್ನು ಸೀಳಿನೊಳಗೆ ತೂರಿಸಿ ಮಡಿಸಿರುತ್ತಾರೆ. ಲೋಹವನ್ನು ಬಗ್ಗಿಸಿದಾಗಲೆಲ್ಲ ಅದರ ಹರಳುಗಳ ರಚನೆ ಕದಡಿ, ಬಾಗಿದ ಜಾಗವು ಗಡಸಾಗುತ್ತದೆ, ಪೆಡಸಾಗುತ್ತದೆ. ಕೆಲವು ಸಲ ಬಗ್ಗಿಸಿದ ಮೇಲೆ ನಾಲಿಗೆ ಮುರಿದೇ ಹೋಗುತ್ತದೆ. ಆದುದರಿಂದ ಅಗತ್ಯವಿರುವಷ್ಟು ನಾಲಿಗೆಗಳನ್ನು ಮಾತ್ರ, ಚಪ್ಪಟೆ ಮೂತಿಯ ಇಕ್ಕಳದಿಂದ ನಿಧಾನವಾಗಿ, ಸೀಳಿನಿಂದ ಹೊರಬರುವಷ್ಟು ಮಾತ್ರ ನೆಟ್ಟಗೆ ಮಾಡಬೇಕು.

ಉಗುರುಬೆಚ್ಚಗಿನ ನೀರು, ಮೆದುವಾದ ಸಾಬೂನು, ಹತ್ತಿ, ಇಷ್ಟರಿಂದಲೇ ಹೆಚ್ಚಿನ ಕೊಳೆ ಹೋಗುವುದು. ಯಾವುದೇ ದ್ರವವನ್ನು ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಚುಕ್ಕೆಯಷ್ಟು ಹಚ್ಚಿ ಪರೀಕ್ಷಿಸಬೇಕು. ಹತ್ತಿಗೆ ಬಣ್ಣ ಅಂಟಿದರೆ ಅಲ್ಲಿಗೆ ನಿಲ್ಲಿಸಬೇಕು. ಸುರುಳಿಯನ್ನೂ ತಂತಿಗಳನ್ನೂ ನೀರಿನಲ್ಲಿ ಮುಳುಗಿಸಬಾರದು.

ಬಣ್ಣವನ್ನು ಪೂರ್ಣ ತೆಗೆಯಲೇಬೇಕಾದಾಗ ಹಲವರು ಕಾಸ್ಟಿಕ್ ಸೋಡವನ್ನು ಬಳಸುತ್ತಾರೆ. ಎಣ್ಣೆಯ ಮೂಲದ ಬಣ್ಣವನ್ನು ಅದು ಸಾಬೂನಿನಂತೆ ಮಾಡಿ ಸಡಿಲಿಸುತ್ತದೆಂಬುದು ನಿಜ. ಆದರೆ ಸತು, ಅಲ್ಯೂಮಿನಿಯಂಗಳನ್ನು ಅದು ತಿಂದುಹಾಕುತ್ತದೆ, ಹಾಗೆ ತಿನ್ನುವಾಗ ಬೇಗ ಹೊತ್ತಿಕೊಳ್ಳುವ ಜಲಜನಕವೂ ಹೊರಡುತ್ತದೆ. ಬಿಸಿಯಾದ ಕ್ಷಾರಕ್ಕೆ ತವರವೂ ಕರಗುವುದು. ಚರ್ಮ ಕಣ್ಣುಗಳಿಗಂತೂ ಅದು ಘೋರ. ಮೆಥಿಲೀನ್ ಕ್ಲೋರೈಡ್ ಎಂಬ ದ್ರಾವಕವುಳ್ಳ ಬಣ್ಣನಾಶಕಗಳು ಪ್ರಾಣಕ್ಕೇ ಅಪಾಯಕಾರಿಯೆಂದು ಕಂಡು, ಅಮೆರಿಕವು 2019ರಲ್ಲಿ ಅವನ್ನು ಗ್ರಾಹಕರಿಗೆ ಮಾರದಂತೆ ತಡೆಯಿತು. ಇಂದು ದೊರೆಯುವ ಸೌಮ್ಯವಾದ ಬಣ್ಣನಾಶಕಗಳು ನಿಧಾನವಾಗಿ ಕೆಲಸ ಮಾಡುತ್ತವೆ. ಈ ಕೆಲಸದಲ್ಲಿ ನಿಧಾನವೇ ಒಳ್ಳೆಯದು.

ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ತೆಳುವಾದ ದ್ರಾವಣವು ಒಪ್ಪುವುದು. ಅದು ಕಬ್ಬಿಣದ ಆಕ್ಸೈಡನ್ನು ಕರಗಿಸಿ, ಮೇಲ್ಮೈಯಲ್ಲಿ ಕಬ್ಬಿಣದ ಫಾಸ್ಫೇಟಿನ ಕಪ್ಪು ಬೂದು ಪದರವನ್ನು ಬಿಡುತ್ತದೆ. ಬಣ್ಣಕ್ಕೆ ಈ ಪದರವು ಒಳ್ಳೆಯ ಹಿಡಿತವನ್ನು ಕೊಡುತ್ತದೆ. ತೊಳೆದ ಕೂಡಲೇ ಬಿಸಿಗಾಳಿಯಿಂದ ಒಣಗಿಸಬೇಕು. ತಡಮಾಡಿದರೆ ಬರಿಯ ಉಕ್ಕಿನ ಮೇಲೆ ಕೆಲವೇ ನಿಮಿಷಗಳಲ್ಲಿ ಹೊಸ ತುಕ್ಕಿನ ಹೊಗೆಬಣ್ಣ ಮೂಡುತ್ತದೆ. ಸತುವಿನ ಎರಕಕ್ಕೆ ಈ ಆಮ್ಲವನ್ನು ಸೋಕಿಸಬಾರದು.

ಮದ್ದಿಲ್ಲದ ರೋಗ

ಕೆಲವು ಹಳೆಯ ಎರಕದ ಭಾಗಗಳು ಮೊಸಳೆಯ ಚರ್ಮದಂತೆ ಬಿರುಕುಬಿಟ್ಟು, ಉಬ್ಬಿ, ಡೊಂಕಾಗಿ, ಕೊನೆಗೆ ಕೈಯಲ್ಲಿ ಪುಡಿಯಾಗುವುದುಂಟು. ಇದನ್ನು ಸತುವಿನ ಪಿಡುಗು ಎನ್ನುವರು. ಇದು ಜೀವಿಗಳಿಂದ ಬರುವ ರೋಗವಲ್ಲ. ಎರಕ ಹೊಯ್ಯುವಾಗ ಸತುವಿನಲ್ಲಿ ಸ್ವಲ್ಪ ಸೀಸವೋ ತವರವೋ ಕ್ಯಾಡ್ಮಿಯಮ್ಮೋ ಬೆರೆತಿದ್ದರೆ, ಅದು ಸತುವಿನ ಹರಳುಗಳ ನಡುವಣ ಎಲ್ಲೆಗಳಲ್ಲಿ ಕೂಡಿಕೊಳ್ಳುತ್ತದೆ. ತೇವವಾದ ಗಾಳಿಯಲ್ಲಿ ಆ ಎಲ್ಲೆಗಳುದ್ದಕ್ಕೂ ಸವೆತವು ಒಳಕ್ಕಿಳಿದು, ಹುಟ್ಟಿದ ಹೊಸ ವಸ್ತುವಿಗೆ ಹೆಚ್ಚು ಜಾಗ ಬೇಕಾಗಿ, ಲೋಹವು ಒಳಗಿನಿಂದಲೇ ಸಿಡಿಯುತ್ತದೆ. ಅಮೆರಿಕದ ನ್ಯೂಜೆರ್ಸಿ ಜಿಂಕ್ ಸಂಸ್ಥೆಯು 1929ರಲ್ಲಿ ಬಹು ಶುದ್ಧವಾದ ಸತುವಿನಿಂದ ಜಮಾಕ್ ಎಂಬ ಮಿಶ್ರಲೋಹವನ್ನು ರೂಪಿಸಿ ಈ ಕಷ್ಟವನ್ನು ಬಹುಮಟ್ಟಿಗೆ ನೀಗಿಸಿತು. ಆದರೂ ಶುದ್ಧತೆಯನ್ನು ಪಾಲಿಸದ ಕಡೆ ಮುಂದೆಯೂ ಇದು ಕಾಣಿಸಿಕೊಂಡಿತು. ಪಿಡುಗು ತಗುಲಿದ ಭಾಗಕ್ಕೆ ಎಷ್ಟು ಬಣ್ಣ ಬಳಿದರೂ ಫಲವಿಲ್ಲ. ಅದನ್ನು ಒಣಗಿದ ತಂಪಾದ ಜಾಗದಲ್ಲಿಟ್ಟು, ಅಳತೆ ತೆಗೆದು, ಬದಲಿ ಭಾಗವನ್ನು ಮಾಡಿಸುವುದೊಂದೇ ದಾರಿ.

ಬಣ್ಣದ ಆಯ್ಕೆ

ಮೂಲ ಬಣ್ಣ ಯಾವುದು? ಹೊರಗೆ ಕಾಣುವುದು ಬಿಸಿಲಿಗೆ ಮಾಸಿದ ಬಣ್ಣ. ಮಡಿಸಿದ ನಾಲಿಗೆಯ ಕೆಳಗೆ, ದೀಪದ ಬುಡದಡಿಯಲ್ಲಿ, ಬೆಳಕು ತಾಗದ ಕಡೆ, ನಿಜವಾದ ಬಣ್ಣವು ಉಳಿದಿರುತ್ತದೆ. ಅದಕ್ಕೆ ಹೊಸ ಬಣ್ಣವನ್ನು ಹೊಂದಿಸುವಾಗ ಹಗಲು ಬೆಳಕಿನಲ್ಲೂ ದೀಪದ ಬೆಳಕಿನಲ್ಲೂ ಹೋಲಿಸಿ ನೋಡಬೇಕು. ಎರಡು ಬೇರೆ ಬೇರೆ ವರ್ಣದ್ರವ್ಯಗಳು ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡು, ಇನ್ನೊಂದು ಬೆಳಕಿನಲ್ಲಿ ಬೇರೆಯಾಗಿ ಕಾಣಬಹುದು. ಅವು ಹೀರುವ ಮತ್ತು ಹಿಂದಿರುಗಿಸುವ ತರಂಗಗಳು ಬೇರೆಯಾಗಿದ್ದರೂ ನಮ್ಮ ಕಣ್ಣಿನ ಮೂರು ಬಗೆಯ ವರ್ಣಗ್ರಾಹಿಗಳಿಗೆ ಒಟ್ಟು ಮೊತ್ತ ಮಾತ್ರ ತಿಳಿಯುತ್ತದೆ. ಬೆಳಕು ಬದಲಾದರೆ ಆ ಮೊತ್ತವೂ ಬದಲಾಗುತ್ತದೆ.

ಬಣ್ಣಗಳು ಒಣಗುವ ರೀತಿಯೂ ಒಂದೇ ಅಲ್ಲ. ಲ್ಯಾಕರ್ ದ್ರಾವಕವು ಆವಿಯಾಗುವುದರಿಂದ ಮಾತ್ರ ಒಣಗುತ್ತದೆ. ಎನಾಮೆಲ್ಲು ಅಗಸೆ ಎಣ್ಣೆಯಂತೆ ಗಾಳಿಯ ಆಮ್ಲಜನಕದೊಡನೆ ಸೇರಿ ದೊಡ್ಡ ಅಣುಗಳ ಜಾಲವಾಗಿ ಗಟ್ಟಿಯಾಗುತ್ತದೆ. ಈ ಜಾಲವು ಪೂರ್ಣವಾಗದ ಎನಾಮೆಲ್ಲಿನ ಮೇಲೆ ಲ್ಯಾಕರ್ ಸಿಂಪಡಿಸಿದರೆ, ಅದರ ತೀಕ್ಷ್ಣವಾದ ದ್ರಾವಕವು ಕೆಳಗಿನ ಪದರವನ್ನು ಉಬ್ಬಿಸಿ ಸುಕ್ಕುಗಟ್ಟಿಸುತ್ತದೆ. ದ್ರಾವಕವು ಆವಿಯಾಗುವಾಗ ಮೇಲ್ಮೈಯ ಶಾಖವನ್ನು ಒಯ್ಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾಗಿದ್ದರೆ ತಣ್ಣಗಾದ ಬಣ್ಣದ ಮೇಲೆ ಇಬ್ಬನಿ ಕೂತು ಬಿಳಿ ಮಬ್ಬು ಕವಿಯುತ್ತದೆ. ಕರಾವಳಿಯ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದು ಮೇಲು.

ಮೊದಲು ಲೋಹಕ್ಕೆ ಹಿಡಿಯುವ ಪ್ರೈಮರ್, ಅನಂತರ ತೆಳುವಾದ ಎರಡು ಮೂರು ಪದರ ಬಣ್ಣ, ಇದು ಕ್ರಮ. ಒಂದೇ ದಪ್ಪ ಪದರ ಬಳಿದರೆ ಅದು ಇಳಿದು ಸೋರುವುದು, ಅಚ್ಚಿನ ಸೂಕ್ಷ್ಮ ಗೆರೆಗಳನ್ನೂ ಮುಚ್ಚುವುದು. ಹಿಂದಿನ ತಯಾರಕರು ಬಣ್ಣವನ್ನು ಒಲೆಯಲ್ಲಿ ಕಾಯಿಸಿ ಗಟ್ಟಿಮಾಡುತ್ತಿದ್ದರು. ಹಾಗೆ ಮಾಡುವವರು ನೆನಪಿಡಬೇಕಾದುದೇನೆಂದರೆ, ಸೀಸ ತವರಗಳ ಸಾಮಾನ್ಯ ಬೆಸುಗೆಯು 183 ಡಿಗ್ರಿ ಸೆಂಟಿಗ್ರೇಡಿನಲ್ಲೇ ಕರಗಲು ತೊಡಗುತ್ತದೆ, ತವರವು 232 ಡಿಗ್ರಿಯಲ್ಲಿ ಕರಗುತ್ತದೆ, ಹಲವು ಪ್ಲಾಸ್ಟಿಕ್ಕುಗಳು ನೂರು ಡಿಗ್ರಿಯೊಳಗೇ ಮೆತ್ತಗಾಗುತ್ತವೆ. ಅಡಿಗೆಗೆ ಬಳಸುವ ಒಲೆಯನ್ನು ಇದಕ್ಕೆ ಎಂದೂ ಉಪಯೋಗಿಸಬಾರದು.

ಮತ್ತೆ ಜೀವ ತುಂಬುವುದು

ಅಂದವಾಗಿ ಬಣ್ಣ ಬಳಿದ ಮೇಲೆ ಕಾವಲುಗಾರನು ಹೊರಗೆ ಬಾರದಿದ್ದರೆ? ಹಳೆಯ ಪರಿಕರಗಳಲ್ಲಿ ಎಷ್ಟೋ ಸಲ ಲೋಹದ ಚೌಕಟ್ಟೇ ವಿದ್ಯುತ್ತಿನ ಒಂದು ದಾರಿಯಾಗಿರುತ್ತದೆ. ಬಣ್ಣವು ವಿದ್ಯುತ್ತನ್ನು ತಡೆಯುವ ವಸ್ತು. ಸ್ಕ್ರೂ ಕೂರುವ ಜಾಗ, ದೀಪದ ಬುಡ, ತಂತಿ ಸೇರುವ ಕೊನೆ, ಇವನ್ನು ಬಣ್ಣ ಬಳಿಯುವ ಮೊದಲು ಅಂಟುಪಟ್ಟಿಯಿಂದ ಮುಚ್ಚಿ, ಬರಿಯ ಲೋಹವಾಗಿಯೇ ಉಳಿಸಬೇಕು. ಸುರುಳಿಯೊಳಗಿನ ಕಡ್ಡಿಗೆ ಎಣ್ಣೆ ಹಾಕಬಾರದು. ಎಣ್ಣೆಯು ಧೂಳು ಹಿಡಿದು ಅಂಟಾಗಿ ಚಲನೆಯನ್ನು ತಡೆಯುತ್ತದೆ. ಹೊದಿಕೆ ಬಿರುಕುಬಿಟ್ಟ ತಂತಿಗಳನ್ನೆಲ್ಲ ಬದಲಾಯಿಸಬೇಕು.

ಈ ಆಟಿಕೆಗಳು ಸುಮಾರು 12ರಿಂದ 14 ವೋಲ್ಟಿನಲ್ಲಿ ನಡೆಯುತ್ತವೆ. ಅವುಗಳೊಡನೆ ಬರುವ ಅಮೆರಿಕದ ಹಳೆಯ ಟ್ರಾನ್ಸ್‌ಫಾರ್ಮರು ಅಲ್ಲಿನ ಸುಮಾರು 120 ವೋಲ್ಟಿಗಾಗಿ ಮಾಡಿದುದು. ಅದನ್ನು ನಮ್ಮ ದೇಶದ 230 ವೋಲ್ಟಿಗೆ ಸೇರಿಸಿದರೆ ಒಳಗಿನ ಕಬ್ಬಿಣವು ಅಯಸ್ಕಾಂತತ್ವದ ಮಿತಿಯನ್ನು ಮುಟ್ಟಿ, ಪ್ರವಾಹವು ವಿಪರೀತವಾಗಿ ಏರಿ, ಸುರುಳಿ ಸುಟ್ಟುಹೋಗುವುದು, ಬೆಂಕಿಯೂ ಹತ್ತಬಹುದು. ಇಲ್ಲಿನ ವೋಲ್ಟೇಜಿಗೆ ತಕ್ಕ, ಪ್ರಮಾಣಿತವಾದ ಹೊಸ ಟ್ರಾನ್ಸ್‌ಫಾರ್ಮರನ್ನೇ ಬಳಸಬೇಕು.

ಕೆಲಸ ಮುಗಿದ ಮೇಲೆ ಇನ್ನೊಂದು ಕರ್ತವ್ಯ ಉಳಿಯುತ್ತದೆ. ತಳಭಾಗದಲ್ಲಿ ಕಾಣದ ಕಡೆ, ಹೊಸ ಬಣ್ಣ ಬಳಿದ ವರ್ಷವನ್ನೂ ಬದಲಾಯಿಸಿದ ಭಾಗಗಳನ್ನೂ ಚಿಕ್ಕದಾಗಿ ಬರೆಯಬೇಕು. ಹೀಗೆ ಬರೆಯದೆ ಮೂಲದ್ದೆಂದು ಮಾರಿದರೆ ಅದು ವಂಚನೆ. ಕೊಂಡವನಿಗೆ ಹಣ ನಷ್ಟ. ಮುಂದೆ ಈ ವಸ್ತುಗಳಿಂದ ಚರಿತ್ರೆಯನ್ನು ತಿಳಿಯಹೊರಡುವವನಿಗೆ ಸುಳ್ಳುಸಾಕ್ಷಿ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ

ಹಳೆಯ ಆಟಿಕೆ ಇಲ್ಲದವರೂ ಇದರ ಸಾರವನ್ನು ಮನೆಯಲ್ಲೇ ಕಾಣಬಹುದು. ತಿಂಡಿಯ ಹಳೆಯ ತವರದ ಡಬ್ಬಿಯಿಂದ ಒಂದು ಪಟ್ಟಿಯನ್ನೂ ಸತುವಿನ ಲೇಪದ ತಗಡಿನಿಂದ ಇನ್ನೊಂದು ಪಟ್ಟಿಯನ್ನೂ ದೊಡ್ಡವರ ನೆರವಿನಿಂದ ಕತ್ತರಿಸಿರಿ. ಡಬ್ಬಿಯ ತಗಡು ಅಯಸ್ಕಾಂತಕ್ಕೆ ಅಂಟುವುದೇ ಎಂದು ಮೊದಲು ನೋಡಿಕೊಳ್ಳಿರಿ. ಎರಡರ ಮೇಲೂ ಮೊಳೆಯಿಂದ ಆಳವಾಗಿ ಒಂದೊಂದು ಗೀರು ಎಳೆದು, ಬೇರೆ ಬೇರೆ ಲೋಟಗಳಲ್ಲಿ ಉಪ್ಪುನೀರು ತುಂಬಿ, ಅರ್ಧ ಮುಳುಗುವಂತೆ ಇಡಿರಿ. ದಿನಕ್ಕೊಮ್ಮೆ ನೋಡಿ, ಯಾವ ಗೀರಿನಲ್ಲಿ ಕೆಂಪು ತುಕ್ಕು ಮೊದಲು ಕಾಣಿಸಿತು, ಯಾವುದರಲ್ಲಿ ಬಿಳಿಯ ಪುಡಿ ಮೂಡಿತು, ಎಂಬುದನ್ನು ದಿನಾಂಕಸಹಿತ ಬರೆದಿಡಿರಿ. ಕತ್ತರಿಸಿದ ಅಂಚುಗಳಲ್ಲಿ ಏನಾಯಿತೆಂಬುದನ್ನೂ ಗಮನಿಸಿರಿ. ಗೀರಿನಲ್ಲಿ ಕಂಡುದಕ್ಕೂ ಅಂಚಿನಲ್ಲಿ ಕಂಡುದಕ್ಕೂ ಕಾರಣ ಒಂದೆಯೋ ಬೇರೆಯೋ ಎಂಬುದನ್ನು ನೀವೇ ಯೋಚಿಸಿ ನಿರ್ಧರಿಸಿರಿ.